ಅಕ್ಕನ ಹೆಬ್ಬೆರಳು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಕಬ್ಬಿಣದ್ದು, ಮಡಚುವಂಥದ್ದು. ನವಲಗುಂದದ ಸಂತೆಯಲ್ಲಿ ಅಪ್ಪ ಹಳೆಯದನ್ನು ಕೊಂಡು ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದ. ಊರಲ್ಲಿ ಕುರ್ಚಿ ಇದ್ದ ಮನೆಗಳಲ್ಲಿ ಯಜಮಾನ ಅದರ ಮೇಲೆ ಕೂಡುತ್ತಿದ್ದ, ಇಲ್ಲವೇ ಬಂದ ಬೀಗರನ್ನು ಕೂಡಿಸುತ್ತಿದ್ದರು. ನಮ್ಮಲ್ಲಿ ಹಾಗಲ್ಲ. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂಡುತ್ತಿದ್ದ. ಕುರ್ಚಿ ಮಕ್ಕಳಿಗೆ, ಅಂದರೆ ನನಗೆ ಮತ್ತು ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಕಸ್ತೂರಿಗೆ ಮೀಸಲು. ಕೇಳಿದವರು ಎಂಥ ಪುಣ್ಯವಂತ ಮಕ್ಕಳು ಅಂದುಕೊಂಡಾರು. ಆ ಕುರ್ಚಿಯನ್ನು ಬಿಚ್ಚುವ ಸಪ್ಪಳ ಕೇಳಿದರೆ ನನಗೆ ಉಚ್ಚೆ ಬಂದಂತಾಗುತ್ತಿತ್ತು. ನಾನು ಹುಬ್ಬಳ್ಳಿಯಲ್ಲಿ ಹುಡುಗಿಯರನ್ನು ನೌಕರಿಗೆ ತಯಾರು ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವಳು. ಹೊತ್ತಿಗೆ ಸರಿಯಾಗಿ ಬರುವುದು, ಎದುರಿನವರ ಮುಖ ನೋಡಿ ಮಾತಾಡುವುದು, ಒತ್ತಡ ತಾಳಿಕೊಳ್ಳುವುದು, ಜೊತೆಯವರೊಂದಿಗೆ ಕೂಡಿ ದುಡಿಯುವುದು, ಹೀಗೆ ಮಾಲೀಕರು ಕೇಳುವ ಗುಣಗಳ ಒಂದು ಪಟ್ಟಿಯೇ ಗೋಡೆಯ ಮೇಲಿರುತ್ತಿತ್ತು. ಇದೆಲ್ಲ ನೀವು ಎಲ್ಲಿ ಕಲಿತಿರಿ ಮೇಡಂ ಎಂದು ಯಾವಳಾದರೂ ಕೇಳಿದರೆ, ಮನೆಯಲ್ಲಿ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮನೆ ಎಂದರೆ ಎರೆಮಣ್ಣಿನ ಊರಿನ ಎಲ್ಲ ಮನೆಗಳಂಥದ್ದೇ. ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅದಕ್ಕೆ ತಾಗಿ ಎದೆಯೆತ್ತರದ ಕಟ್ಟೆ, ಕಟ್ಟೆ ಹತ್ತಿದರೆ ಪಡಸಾಲೆ, ಅದರಾಚೆ ಹಗಲಲ್ಲೂ ಕತ್ತಲಿರುವ ಅಡುಗೆಯ ಕೋಣೆ. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಒಂದು ಮೊಳದಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಪ್ರತಿ ಭಾನುವಾರ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿದ ಮೇಲೆ ಅಪ್ಪ ಕುರ್ಚಿಯನ್ನು ತಂದು ಸರಿಯಾಗಿ ಆ ಬಿಸಿಲಿನಲ್ಲಿ ಇಡುತ್ತಿದ್ದ. ಕೂತವರ ಮುಖದ ಮೇಲೆ ಬೆಳಕು ಬೀಳಬೇಕು, ಕೇಳುವವರ ಮುಖ ಕಾಣಬಾರದು. ಎದುರಿಗೆ ಒಂದು ಜೋಳದ ಚೀಲ, ಅದರ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮತ್ತು ಒಂದು ಸೀಸದಕಡ್ಡಿ. ಅದು ಸಾಹೇಬರ ಮೇಜು. ಮೇಜಿನ ಹಿಂದೆ ಅಪ್ಪ, ಅವನ ಬಲಕ್ಕೆ ಅವ್ವ. ಅವ್ವನ ತೊಡೆಯ ಮೇಲೆ ಎತ್ತಿನ ಬಾರಕೋಲು. ಅವಳು ಎರಡನೆಯ ಸಾಹೇಬ.

ಅಪ್ಪ ಮ್ಯಾಟ್ರಿಕ್ ಪಾಸಾದವನು. ನಮ್ಮ ಓಣಿಯಲ್ಲಿ ಅಷ್ಟು ಓದಿದವರಲ್ಲಿ ಮೊದಲನೆಯವನು. ಮದುವೆಗೆ ಮೊದಲು ಧಾರವಾಡದ ಒಂದು ಕಚೇರಿಯಿಂದ ಅವನಿಗೆ ಗುಮಾಸ್ತನ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತಂತೆ. ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಹೋಗಿ ಮೂವರು ಸಾಹೇಬರ ಮುಂದೆ ನಿಂತವನು ಗಾಬರಿಯಲ್ಲಿ, ಅವರು ಕೂಡು ಎನ್ನುವ ಮೊದಲೇ ಕುರ್ಚಿಯ ಮೇಲೆ ಕೂತುಬಿಟ್ಟ. ಒಬ್ಬ ಸಾಹೇಬ ನಕ್ಕ. ಕೆಲಸ ಸಿಗಲಿಲ್ಲ. ಸಿಗದೆ ಇರುವುದಕ್ಕೆ ನೂರು ಕಾರಣ ಇದ್ದಿರಬಹುದು, ಆದರೆ ಅಪ್ಪ ಆ ಒಂದನ್ನೇ ಕಚ್ಚಿ ಹಿಡಿದ. ಹೊಲದಲ್ಲಿ ಕುಂಟೆ ಹೊಡೆಯುವಾಗಲೂ ಆ ಕುರ್ಚಿಯೇ ಅವನ ತಲೆಯಲ್ಲಿ ಇದ್ದಿರಬೇಕು. ಗಂಡುಮಕ್ಕಳು ಹುಟ್ಟಲಿಲ್ಲ. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನೇ ನೌಕರಿಗೆ ಹತ್ತಿಸುತ್ತೇನೆಂದು ಹಟ ತೊಟ್ಟ. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೆ ನೌಕರಿ ಮಾಡಿಸಬೇಕು ಎಂದ ತಂದೆ ಅವನೊಬ್ಬನೇ ಇದ್ದಾನು. ಅದಕ್ಕಾಗಿ ಅವನನ್ನು ಹೊಗಳಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದಿದ್ದೇನೆ. ಅಂಗೈ ನೋಡಿಕೊಂಡರೆ ಮನಸ್ಸಾಗುವುದಿಲ್ಲ.

ಸಂದರ್ಶನ ನಡೆಯುತ್ತಿದ್ದ ರೀತಿ ಹೀಗೆ. ನಾವು ಎತ್ತುಗಳ ಪಕ್ಕದಲ್ಲಿ ನಿಂತು ಕಾಯಬೇಕು. ಹೆಸರು ಕರೆದಾಗ ಕಟ್ಟೆ ಹತ್ತಿ, ಇಂಗ್ಲಿಷಿನಲ್ಲಿ ಒಳಗೆ ಬರಲೇ ಸರ್ ಎಂದು ಕೇಳಬೇಕು. ಬಲಗಾಲು ಮುಂದಿಡಬೇಕು. ಕುರ್ಚಿಯ ಎಡಕ್ಕೆ ನಿಲ್ಲಬೇಕು. ಅಪ್ಪ ಕೂಡು ಎನ್ನುವವರೆಗೆ ಕುರ್ಚಿಯ ಕಡೆ ಕಣ್ಣು ಸಹ ಹೊರಳಬಾರದು. ಕೆಲವು ಸಲ ಅವನು ಅರ್ಧ ತಾಸಾದರೂ ಆ ಮಾತು ಹೇಳುತ್ತಿರಲಿಲ್ಲ. ಬಿಸಿಲಿನ ತುಣುಕು ಕುರ್ಚಿಯಿಂದ ಸರಿದು ಗೋಡೆ ಹತ್ತುತ್ತಿತ್ತು. ಮೊಣಕಾಲು ನಡುಗಿದರೆ ಒಂದು ಏಟು. ಉತ್ತರ ತಡವಾದರೆ ಒಂದು. ನೆಲ ನೋಡಿದರೆ ಒಂದು. ಅತ್ತರೆ ಎರಡು.

“ಈ ನೌಕರಿ ನಿನಗ ಯಾಕ ಬೇಕು?”

“ಸೇವಾ ಮಾಡಾಕ್ರಿ, ಸರ್.”

“ಕಷ್ಟದ ಕೆಲಸ ಐತಿ. ಆಗತೈತೇನು?”

“ಆಗತೈತ್ರಿ, ಸರ್.”

“ಸಾಹೇಬ ಬೈದರ ಏನ್ ಮಾಡ್ತಿ?”

“ತಪ್ಪಾತ್ರಿ ಸರ್, ಮತ್ತ ಆಗೂದಿಲ್ರಿ ಅಂತೀನ್ರಿ.”

ತಪ್ಪಿದರೆ ಅಪ್ಪ ಕೈ ಎತ್ತುತ್ತಿರಲಿಲ್ಲ. ಸಾಹೇಬರು ತಾವೇ ಹೊಡೆಯುವುದಿಲ್ಲ ಎಂಬುದು ಅವನ ತಿಳಿವಳಿಕೆ. ಕ್ಯಾಲೆಂಡರಿನ ಹಾಳೆಯ ಮೇಲೆ ಗೀಟು ಎಳೆದು, ಪಕ್ಕಕ್ಕೆ ನೋಡದೆ, ಕೈ ಚಾಚು ಎನ್ನುತ್ತಿದ್ದ. ಹೊಡೆಯಬೇಕಾದವಳು ಅವ್ವ. ಮೊದಲ ಭಾನುವಾರ ಅವ್ವ ಅಕ್ಕನ ಅಂಗೈಯ ಮೇಲೆ ಬಾರಕೋಲನ್ನು ಸುಮ್ಮನೆ ಮುಟ್ಟಿಸಿದ್ದಳು. ಅಪ್ಪ ಅದನ್ನು ಅವಳ ಕೈಯಿಂದ ಕಸಿದುಕೊಂಡು, ಅಲ್ಲೇ ಜೋಳದ ಚೀಲದ ಮೇಲೆ ಅವಳನ್ನು ಬೋರಲು ಕೆಡವಿ, ನಮಗೆ ಎಣಿಕೆ ತಪ್ಪುವಷ್ಟು ಹೊಡೆದ. ಕುಬಸದ ಬೆನ್ನು ಹರಿಯಿತು. ಎತ್ತುಗಳು ಹಗ್ಗ ಜಗ್ಗಿ ಗೋಡೆಗೆ ಸರಿದವು. ಆಮೇಲೆ ಕೋಲನ್ನು ಮತ್ತೆ ಅವಳ ತೊಡೆಯ ಮೇಲಿಟ್ಟು, ಕೂತು, ಮುಂದಿನ ಪ್ರಶ್ನೆ ಕೇಳಿದ. ಅವನ ದನಿ ಬದಲಾಗಿರಲಿಲ್ಲ. ಅವತ್ತಿನಿಂದ ನಮಗೆ ನಿಯಮ ತಿಳಿಯಿತು: ಅವ್ವನ ಏಟು ಮೆತ್ತಗಾದರೆ ಅವ್ವನಿಗೆ ಏಟು. ಹತ್ತು ವರ್ಷದ ನಾನು ಕೈ ಚಾಚಿ, ತುಟಿ ಅಲ್ಲಾಡದ ಹಾಗೆ ಪಿಸುಗುಟ್ಟುವುದನ್ನು ಕಲಿತೆ.

“ಯವ್ವಾ, ಜೋರ ಹೊಡಿ.”

ಅವ್ವನೂ ಕಲಿತಳು. ಮಣಿಕಟ್ಟನ್ನು ಕೊನೆಯಲ್ಲಿ ಒಂದಿಷ್ಟು ಸಡಿಲ ಬಿಟ್ಟು, ಚಕ್ಕಳದ ಬಾರು ಅಂಗೈಯ ಮಾಂಸದ ಕಡೆಗೇ ಬೀಳುವಂತೆ, ಸಪ್ಪಳ ಜಾಸ್ತಿ, ನೋವು ಕಡಿಮೆ ಆಗುವಂತೆ ಹೊಡೆಯುವುದನ್ನು ಕಲಿತಳು. ನಾವು ಸಪ್ಪಳಕ್ಕೆ ತಕ್ಕ ಹಾಗೆ ಮುಖ ಹಿಂಡುವುದನ್ನು ಕಲಿತೆವು. ಮೂವರೂ ಸೇರಿ ಅವನಿಗೆ ಮೋಸ ಮಾಡುತ್ತಿದ್ದೆವು. ಕೂಡಿ ದುಡಿಯುವುದು ಎಂದರೇನೆಂದು ಹುಡುಗಿಯರಿಗೆ ಕಲಿಸುವಾಗ ನನಗೆ ಇದೇ ನೆನಪಾಗುತ್ತಿತ್ತು. ಆದರೆ ಎಲ್ಲ ವಾರವೂ ಮೋಸ ನಡೆಯುತ್ತಿರಲಿಲ್ಲ. ನಡೆಯದ ವಾರ ಅಕ್ಕ ಸೋಮವಾರ ರೊಟ್ಟಿ ತಟ್ಟಲಾಗದೆ ಅಂಗೈಯನ್ನು ನೀರಿನ ಕೊಡದೊಳಗೆ ಇಳಿಬಿಟ್ಟುಕೊಂಡು ಕೂತಿರುತ್ತಿದ್ದಳು.

ಅವ್ವನ ಶಾಲೆ ಬೇರೆ ಇತ್ತು. ಕಾಲುವೆಯ ನೀರು ಬಂದ ಮೇಲೆ ಊರಿನ ದೊಡ್ಡ ಹೊಲದವರು ಬೀಜದ ಹತ್ತಿ ಬೆಳೆಯತೊಡಗಿದ್ದರು. ಅದಕ್ಕೆ ಹೆಂಗಸರ ಕೈ ಬೇಕು. ಮಧ್ಯಾಹ್ನ ಇಳಿದ ಮೇಲೆ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿ, ಬುಡದಲ್ಲಿ ಹೆಬ್ಬೆರಳಿನ ಉಗುರು ಊರಿ, ಒಂದೇ ತಿರುವಿಗೆ ಎಸಳಿನ ಜೊತೆ ಒಳಗಿನ ಗಂಡು ಭಾಗವನ್ನೆಲ್ಲ ಕಿತ್ತು ತೆಗೆಯಬೇಕು. ನಡುವೆ ಎಳೆಯ ಕಾಯಿ ಮತ್ತು ಒಂದು ಬಿಳಿ ಕಡ್ಡಿ ಮಾತ್ರ ಉಳಿಯಬೇಕು. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಂಡು ಹೂವನ್ನು ತಂದು ಆ ಕಡ್ಡಿಗೆ ಸವರಿ ದಾರ ಕಟ್ಟಬೇಕು. ಇದಕ್ಕೆ ನಮ್ಮ ಕಡೆ ಕ್ರಾಸ್ ಮಾಡುವುದು ಅನ್ನುತ್ತಾರೆ. ಉಗುರು ಹೆಚ್ಚು ಆಳ ಹೋದರೆ ಕಾಯಿ ಗಾಯಗೊಂಡು ಉದುರುತ್ತದೆ. ಕಡಿಮೆ ಹೋದರೆ ಗಂಡು ಪುಡಿ ಉಳಿದು ಬೀಜ ಕೆಡುತ್ತದೆ. ಕತ್ತರಿ, ಚಾಕು ಯಾವುದೂ ನಡೆಯುವುದಿಲ್ಲ. ಉಗುರೇ ಬೇಕು. ಆ ಹೊಲಗಳಲ್ಲಿ ಅವ್ವನ ಕೈಗೆ ಹೆಸರಿತ್ತು. ಅವಳು ಕಲಿಸುವಾಗ ನನ್ನ ಹೆಬ್ಬೆರಳನ್ನು ತನ್ನ ಬೆರಳುಗಳ ಒಳಗೆ ಹಿಡಿದುಕೊಂಡು ಒತ್ತುತ್ತಿದ್ದಳು.

“ಕಣ್ಣಿಲೆ ನೋಡಬ್ಯಾಡ. ಕಿವಿಲೆ ಕೇಳು. ಕರ್ ಅಂತ ಒಂದು ಸಣ್ಣ ಸಪ್ಪಳ ಬರತೈತಿ. ಬಂತಿಲ್ಲೋ? ಅಲ್ಲಿಗೇ ನಿಂದರು. ಮುಂದ ಹೋದಿ ಅಂದ್ರ ಕೂಸು ಸಾಯ್ತೈತಿ.”

ನಾನು ನೂರು ಮೊಗ್ಗು ಕೆಡಿಸಿದರೂ ಅವ್ವ ಕೈ ಎತ್ತಲಿಲ್ಲ. ಇನ್ನೊಂದು ಮೊಗ್ಗು ತೋರಿಸುತ್ತಿದ್ದಳು, ಅಷ್ಟೆ. ಅಕ್ಕನಿಗೆ ಅದು ಒಂದೇ ಹಂಗಾಮಿನಲ್ಲಿ ಬಂತು. ಅವ್ವನಿಗಿಂತ ಚುರುಕಾದಳು. ಇಬ್ಬರೂ ಬಲಗೈಯ ಹೆಬ್ಬೆರಳ ಉಗುರನ್ನು ಕತ್ತರಿಸುತ್ತಿರಲಿಲ್ಲ; ಔಡಲ ಎಣ್ಣೆ ಹಚ್ಚಿ, ಒರಟು ಕಲ್ಲಿಗೆ ಉಜ್ಜಿ ಹದ ಮಾಡಿಕೊಳ್ಳುತ್ತಿದ್ದರು. ಪಾತ್ರೆಯನ್ನು ಎಡಗೈಯಲ್ಲಿ ತಿಕ್ಕುತ್ತಿದ್ದರು. ರೊಟ್ಟಿ ತಟ್ಟುವಾಗ ನಾಲ್ಕೇ ಬೆರಳು ಹಿಟ್ಟಿಗೆ ತಾಗುತ್ತಿದ್ದವು, ಹೆಬ್ಬೆರಳು ಮೇಲೆ ನಿಂತಿರುತ್ತಿತ್ತು. ಒಲೆಯ ಮುಂದೆ ಇಬ್ಬರೂ ಕೂತು ತಟ್ಟುವಾಗ ಆ ಎರಡು ಹೆಬ್ಬೆರಳುಗಳನ್ನು ನೋಡಿ ನಾನು ನಗುತ್ತಿದ್ದೆ. ಅಪ್ಪನಿಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ. ಕೂಲಿ ಉಗುರು ಅನ್ನುತ್ತಿದ್ದ.

ಅಕ್ಕ ತಡವಾಗಿಯಾದರೂ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಬೀಜದ ಕಂಪನಿಯವರು ಹಳ್ಳಿ ಹಳ್ಳಿಗೆ ಸುಪರ್ವೈಸರ್ ಹುಡುಗಿಯರನ್ನು ಹುಡುಕುತ್ತಿದ್ದರು. ಅಪ್ಪನೇ ಅರ್ಜಿ ಬರೆದ. ಅಣ್ಣಿಗೇರಿಯಲ್ಲಿ ಸಂದರ್ಶನ ಎಂದು ಕಾಗದ ಬಂದಾಗ ಅದನ್ನು ದೇವರ ಜಗಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಿದ. ಸುಪರ್ವೈಸರ್ ಎಂದರೆ ಮೇಜು, ಕುರ್ಚಿ, ಫ್ಯಾನು ಎಂದು ಅವನ ಲೆಕ್ಕ. ಅವ್ವನಿಗೆ ಹೊಲದಲ್ಲಿ ಬೇರೆ ಸುದ್ದಿ ಸಿಕ್ಕಿತ್ತು. ಅನ್ನ ನೀಡುತ್ತಾ ಮೆಲ್ಲಗೆ ಹೇಳಿದಳು.

“ಅವರು ಮಾತು ಕೇಳೂದಿಲ್ಲಂತ್ರಿ. ಕೈ ನೋಡ್ತಾರಂತ. ಮೊಗ್ಗು ಕೊಟ್ಟು ಬಿಡಸಂತಾರಂತ.”

“ನೀ ಯಾವ ಸಾಲಿ ಕಲ್ತಿ? ಸಾಹೇಬ್ರು ಹೂ ಬಿಡಸಾಕ ಸುಪರ್ವೈಸರ್ ಇಟ್ಕೋತಾರ? ಬಾಯಿ ಮುಚ್ಚು.”

ಅವ್ವ ಅಕ್ಕನ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಆ ಕೆಲಸ ಸಿಕ್ಕರೆ ಅಕ್ಕ ಕಂಪನಿಯವರು ಕೊಡುವ ಅಣ್ಣಿಗೇರಿಯ ಕೋಣೆಯಲ್ಲಿ ಇರಬಹುದಿತ್ತು. ಭಾನುವಾರ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಅಕ್ಕ ನನ್ನನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ಶಾಲೆಗೆ ಹಾಕುತ್ತೇನೆ ಎಂದಿದ್ದಳು. ನಾವು ಮೂವರೂ ಆ ಒಂದು ಉಗುರಿನ ಮೇಲೆ ಅಷ್ಟೆಲ್ಲವನ್ನೂ ಇಟ್ಟಿದ್ದೆವು.

ಸಂದರ್ಶನ ಮಂಗಳವಾರ. ಭಾನುವಾರ ಕಡೆಯ ತಾಲೀಮು. ಅಕ್ಕ ಅವತ್ತು ಒಂದು ತಪ್ಪನ್ನೂ ಮಾಡಲಿಲ್ಲ. ಮುಕ್ಕಾಲು ತಾಸು ನಿಂತಳು, ಮೊಣಕಾಲು ಅಲುಗಲಿಲ್ಲ. ಅಪ್ಪ ಕೂಡು ಎಂದ, ಕೂತಳು. ಅಪ್ಪನ ಮುಖದಲ್ಲಿ ಸಂತೋಷ ಕಾಣುವುದರಲ್ಲಿತ್ತು, ಆಗ ಅವನ ಕಣ್ಣು ಅವಳ ಕೈಗೆ ಹೋಯಿತು. ತೊಡೆಯ ಮೇಲೆ ಜೋಡಿಸಿಟ್ಟ ಕೈಗಳಲ್ಲಿ ಆ ಉದ್ದ ಉಗುರು ಬೆಳಕಿಂಡಿಯ ಬಿಸಿಲಿಗೆ ಮಿನುಗುತ್ತಿತ್ತು. ಅವನು ಅವ್ವನಿಗೆ ಬ್ಲೇಡು ತರಲು ಹೇಳಿದ. ಅವ್ವ ಏಳಲಿಲ್ಲ. ಅಕ್ಕ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಕತ್ತರಸೂದಿಲ್ರಿ, ಸರ್.”

ಅವಳು ಸರ್ ಎಂದೇ ಹೇಳಿದಳು. ಮುಖ ನೋಡಿಯೇ ಹೇಳಿದಳು. ದನಿ ನಡುಗಲಿಲ್ಲ. ಅಪ್ಪ ಕಲಿಸಿದ್ದೆಲ್ಲ ಆ ಒಂದು ಉತ್ತರದಲ್ಲಿ ಇತ್ತು.

“ಕೈ ಚಾಚು,” ಅಂದ ಅಪ್ಪ. ಅಕ್ಕ ಚಾಚಲಿಲ್ಲ. ಅವನು ಅವ್ವನ ಕಡೆ ತಿರುಗಿ, “ಹೊಡಿ,” ಅಂದ.

“ನಾ ಹೊಡ್ಯಾಂಗಿಲ್ಲ,” ಅಂದಳು ಅವ್ವ.

ಅಪ್ಪ ಬಾರಕೋಲನ್ನು ಕಿತ್ತುಕೊಂಡು ಅದರ ಬುಡದಿಂದ ಅವ್ವನ ಬಾಯಿಗೆ ತಿವಿದ. ಅವಳು ಗೋಡೆಗೆ ಹೋಗಿ ಬಿದ್ದಳು, ಒಂದು ಹಲ್ಲು ಜೋಳದ ಚೀಲದ ಮೇಲೆ ಬಿತ್ತು. ಆಮೇಲೆ ಅಕ್ಕನ ಮಣಿಕಟ್ಟು ಹಿಡಿದು ಕೈಯನ್ನು ಕುರ್ಚಿಯ ಕಬ್ಬಿಣದ ಪಟ್ಟಿಯ ಮೇಲೆ ಒತ್ತಿದ. ನಾನು ಅವನ ತೋಳಿಗೆ ಜೋತುಬಿದ್ದು ಕಚ್ಚಿದೆ. ಒದ್ದ. ಕಟ್ಟೆಯಿಂದ ಕೆಳಗೆ ಎತ್ತುಗಳ ಕಾಲಿನ ನಡುವೆ ಹೋಗಿ ಬಿದ್ದೆ. ಅಲ್ಲಿಂದ ನನಗೆ ಕಾಣಲಿಲ್ಲ, ಕೇಳಿಸಿತು. ಕೋಲಿನ ಗಟ್ಟಿ ಬುಡ ಕಬ್ಬಿಣಕ್ಕೆ ಬಡಿದ ಸಪ್ಪಳ, ಮೂರು ಸಲ. ಅಕ್ಕ ಮೊದಲ ಏಟಿಗೆ ಮಾತ್ರ ಕಿರುಚಿದಳು. ನಾನು ಸಗಣಿಯಲ್ಲಿ ಬಿದ್ದುಕೊಂಡೇ ಅಪ್ಪ ಸಾಯಲಿ ಎಂದು ಬೇಡಿಕೊಂಡೆ. ಅದನ್ನು ಈಗ ಬರೆಯಲು ನನಗೆ ನಾಚಿಕೆಯಿಲ್ಲ.

ಮಂಗಳವಾರ ಅಪ್ಪ ಅಕ್ಕನನ್ನು ಅಣ್ಣಿಗೇರಿಗೆ ಕರೆದುಕೊಂಡು ಹೋದ. ನೋಡಿ ಕಲಿಯಲಿ ಎಂದು ನನ್ನನ್ನೂ ಜೊತೆಗೆ ಕರೆದುಕೊಂಡ. ಹತ್ತಿಯ ಗೋದಾಮಿನ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಕಂಪನಿಯ ಸಾಹೇಬರೊಬ್ಬರು ಕೂತಿದ್ದರು. ಬೆವರಿನ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ. ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಮೊಗ್ಗುಗಳು. ಬಾಗಿಲು ತೆರೆದೇ ಇತ್ತು, ನಾನೂ ಅಪ್ಪನೂ ಹೊಸ್ತಿಲ ಹೊರಗೆ ನಿಂತೆವು. ಅಕ್ಕ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಲಗಾಲು ಮುಂದಿಟ್ಟು, ಇಂಗ್ಲಿಷಿನಲ್ಲಿ ಕೇಳಿ ಒಳಗೆ ಹೋದಳು. ಸಾಹೇಬರು ತಲೆ ಎತ್ತದೆಯೇ ಕೂಡವ್ವಾ ಎಂದರು. ಕೂತಳು. ನಾನು ಹೊಸ್ತಿಲಿನಲ್ಲಿ ಉಸಿರು ಬಿಟ್ಟೆ. ಅವರು ಹೆಸರು ಕೇಳಿದರು, ಊರು ಕೇಳಿದರು, ಮತ್ತೇನೂ ಕೇಳಲಿಲ್ಲ. ಒಂದು ಮೊಗ್ಗನ್ನು ಅವಳ ಮುಂದೆ ಇಟ್ಟರು.

ಅಕ್ಕನ ಉಗುರು ಬೇರಿನಿಂದ ಎದ್ದು ಕಪ್ಪಗಾಗಿತ್ತು. ಅದನ್ನೇ ಮೊಗ್ಗಿನ ಬುಡಕ್ಕೆ ಊರಿದಳು. ಉಗುರು ಹಿಂದಕ್ಕೆ ಮಡಚಿಕೊಂಡಿತು. ರಕ್ತ ಬಿಳಿ ಎಸಳಿನ ಮೇಲೆ ಹರಿಯಿತು. ಅವಳು ಇನ್ನೊಂದು ಮೊಗ್ಗು ಎತ್ತಿಕೊಂಡು ಎಡಗೈಯಲ್ಲಿ ಮಾಡಿದಳು, ಕಾಯಿ ಒಡೆಯಿತು. ಸಾಹೇಬರು ಆ ಕೈಯನ್ನು ನೋಡಲೆಂದು ಮೇಜಿನ ಮೇಲಿಂದ ತಮ್ಮ ಕೈ ಚಾಚಿದರು. ಆ ಕೈ ಮೇಲೆದ್ದದ್ದನ್ನು ಕಂಡದ್ದೇ ತಡ, ಅಕ್ಕ ಎರಡೂ ಅಂಗೈಗಳನ್ನು ಅಂಗಾತ ಮುಂದೆ ಹಿಡಿದು, ಕಣ್ಣು ಮುಚ್ಚಿ, ಮುಖವನ್ನು ಬಲಕ್ಕೆ ತಿರುಗಿಸಿದಳು. ಪ್ರತಿ ಭಾನುವಾರ ಮಾಡುವ ಹಾಗೆಯೇ. ಸಾಹೇಬರ ಕೈ ಗಾಳಿಯಲ್ಲೇ ನಿಂತಿತು. ಅವರು ಮೊದಲ ಸಲ ತಲೆ ಎತ್ತಿ ಬಾಗಿಲ ಕಡೆ, ಅಪ್ಪನ ಕಡೆ ನೋಡಿದರು.

“ಇದನ್ನ ಯಾರು ಮಾಡಿದ್ರವಾ?”

ಅಕ್ಕ ಕಣ್ಣು ತೆರೆದಳು. ಅವರ ಮುಖ ನೋಡಿದಳು.

“ಬಾಗಲಾ ಬಡೀತ್ರಿ, ಸರ್.”

“ಕೈ ಪಳಗಿದ್ದು ಕಾಣ್ತದ. ಆದ್ರ ಈ ವರ್ಷ ಆಗೂದಿಲ್ಲ. ಉಗುರು ಬರಲಿ. ಮುಂದಿನ ವರ್ಷ ಬಾ.”

ಮನೆಗೆ ಬಂದು ಕಟ್ಟೆಯ ಮೇಲೆ ಕೂತ ಅಪ್ಪ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, ಎಲ್ಲ ಬರೋಬ್ಬರಿ ಹೇಳಿದ್ಲಲ್ಲ, ಮತ್ಯಾಕ ಇಲ್ಲಂದ್ರು ಎಂದು ಎರಡು ಮೂರು ಸಲ ಕೇಳಿದ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಇದೇ. ಆಮೇಲೆ ಅವನಿಗೆ ಕಾರಣ ಸಿಕ್ಕಿತು. ಎದ್ದು ನಿಂತ.

“ಕೂಡು ಅನ್ನೂದಕ್ಕ ಮೊದಲ ಕುಂತಿ ನೀ! ನಾ ನೋಡೀನಿ!”

ಅಕ್ಕನ ಕೂದಲು ಹಿಡಿದು ಕಟ್ಟೆಗೆ ಬಡಿದ. ಹಣೆ ಒಡೆಯಿತು. ಎರಡನೆಯ ಸಲ ಬಡಿಯಲು ಎಳೆದಾಗ ಅಡುಗೆಯ ಕೋಣೆಯಿಂದ ಅವ್ವ ಬಂದಳು. ಅವಳ ತುಟಿ ಇನ್ನೂ ಊದಿಕೊಂಡಿತ್ತು. ಅವಳು ಕೂಗಲಿಲ್ಲ, ಬೇಡಿಕೊಳ್ಳಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ಕುರ್ಚಿಯನ್ನು ಮಡಚಿದ ಹಾಗೆಯೇ ಎರಡೂ ಕೈಯಿಂದ ಎತ್ತಿ ಅಪ್ಪನ ಹೆಗಲ ಮೇಲೆ ಇಳಿಸಿದಳು. ಈ ಸಲ ಮಣಿಕಟ್ಟು ಸಡಿಲ ಬಿಡಲಿಲ್ಲ. ಎಲುಬು ಮುರಿದದ್ದು ನಮಗೆಲ್ಲ ಕೇಳಿಸಿತು. ಅವನು ಮೊಣಕಾಲೂರಿ ಬಿದ್ದ ಮೇಲೆ ಮತ್ತೊಂದು, ಬೆನ್ನಿಗೆ. ಮೂರನೆಯದನ್ನು ಅವಳು ಎತ್ತಿದಾಗ ಅಕ್ಕ ಓಡಿಬಂದು ಅವಳ ಸೊಂಟ ಹಿಡಿದಳು. ನಾನು ಹಿಡಿಯಲಿಲ್ಲ. ನಾನು ಹೊಡಿ ಯವ್ವಾ, ಜೋರ ಹೊಡಿ ಎಂದು ಚಪ್ಪಾಳೆ ತಟ್ಟುತ್ತಿದ್ದೆ.

ಅಪ್ಪ ಎರಡು ತಿಂಗಳು ಎದ್ದೇಳಲಿಲ್ಲ. ಎಲುಬು ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಪಟ್ಟಿ ಕಟ್ಟಿಹೋದ. ಎತ್ತು ಹಾಯಿತು ಎಂದು ಅಪ್ಪನೇ ಅವನಿಗೆ ಹೇಳಿದ. ನಮ್ಮ ಮನೆಯಲ್ಲಿ ಎಲ್ಲರಿಗೂ ಇಂಥ ಉತ್ತರ ಕೊಡಲು ಬರುತ್ತಿತ್ತು. ಅವ್ವ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ತುತ್ತು ಮಾಡಿ ಅವನಿಗೆ ಉಣಿಸುತ್ತಿದ್ದಳು. ಕುರ್ಚಿಯ ಒಂದು ಕಾಲು ಸೊಟ್ಟಗಾಗಿ ಅದು ಮಾಳಿಗೆ ಸೇರಿತು. ಭಾನುವಾರಗಳು ಬಂದವು, ಹೋದವು. ಬೆಳಕಿಂಡಿಯ ಬಿಸಿಲಿನಲ್ಲಿ ಅವ್ವ ಹಪ್ಪಳ ಒಣಗಿಸಿದಳು.

ಅಕ್ಕನ ಉಗುರು ಮರಳಿ ಬಂತು. ನಟ್ಟನಡುವೆ ಒಂದು ಏಣು ಎದ್ದುಕೊಂಡು, ದಪ್ಪಗೆ, ಸ್ವಲ್ಪ ಸೊಟ್ಟಗೆ ಬಂತು. ಅವ್ವ ಅದನ್ನು ಕಲ್ಲಿಗೆ ಉಜ್ಜಿ ಉಜ್ಜಿ ಹದ ಮಾಡಿದಳು. ಮರುವರ್ಷ ಅದೇ ಗೋದಾಮಿನಲ್ಲಿ ಅದೇ ಸಾಹೇಬರ ಮುಂದೆ ಅಕ್ಕ ಹತ್ತು ಮೊಗ್ಗು ಬಿಡಿಸಿದಳು, ಒಂದೂ ಕೆಡಲಿಲ್ಲ. ಸುಪರ್ವೈಸರ್ ಆದಳು. ಅಪ್ಪ ಓಣಿಯೆಲ್ಲ ತಿರುಗಿ, ನಾನು ತಯಾರು ಮಾಡಿದ ಹುಡುಗಿ ಎಂದು ಹೇಳಿಕೊಂಡು ಬಂದ. ಕಂಪನಿಯವರು ಅವಳನ್ನು ಅಣ್ಣಿಗೇರಿಗೆ ಕಳಿಸದೆ ನಮ್ಮೂರಿನ ಹೊಲಕ್ಕೇ ಹಾಕಿದರು. ನಲವತ್ತು ಹೆಂಗಸರು ಅವಳ ಕೈಕೆಳಗೆ. ಅವರಲ್ಲಿ ಅವ್ವ ಒಬ್ಬಳು, ಶಾಲೆ ಬಿಟ್ಟ ಮೇಲೆ ಬರುವ ನಾನು ಒಬ್ಬಳು. ಸಾಲಿನಲ್ಲಿ ಮಾತಿಲ್ಲ, ನಗುವಿಲ್ಲ, ಯಾರೂ ತಡವಾಗಿ ಬರುವಂತಿಲ್ಲ. ಗಿಡ ಎಣಿಸಲೆಂದು ಅಕ್ಕ ಒಂದು ಕೋಲು ಹಿಡಿದುಕೊಂಡು ಓಡಾಡುತ್ತಿದ್ದಳು. ಮೊದಲು ಅದು ಎಣಿಸುವ ಕೋಲೇ ಆಗಿತ್ತು. ಆಮೇಲೆ ಬಗ್ಗಿದ ಬೆನ್ನುಗಳನ್ನು ತಿವಿಯತೊಡಗಿತು. ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸಿಕೊಳ್ಳತೊಡಗಿದರು. ಸಾಹೇಬರು ಬಂದಾಗ ಹೊಲದ ನಡುವೆ ನಿಂತು, ಕೆಲಸ ತಗೊಳ್ಳೂದು ಈ ಹುಡುಗಿಗೆ ಬರ್ತದ ನೋಡ್ರಿ ಎಂದು ಹೊಲದ ಮಾಲೀಕರಿಗೆ ಹೇಳಿದರು. ಅಕ್ಕನ ಮುಖ ಅರಳಿತು. ಆ ಮುಖವನ್ನು ಹಿಂದೊಮ್ಮೆ ನೋಡಿದ್ದೆ ಅನಿಸಿತು. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ದೀಪಾವಳಿ ಇನ್ನೇನು ಹತ್ತಿರ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ನಾನು ಬಿಡಿಸಿ ಟೊಪ್ಪಿಗೆ ಹಾಕಿದ ಸಾಲನ್ನು ಅಕ್ಕ ನೋಡುತ್ತಾ ಬಂದಳು. ಒಂದು ಟೊಪ್ಪಿಗೆ ತೆಗೆದಳು, ಒಳಗೆ ಗಂಡು ಪುಡಿ ಉಳಿದಿತ್ತು. ಇನ್ನೊಂದು ತೆಗೆದಳು, ಅದರಲ್ಲೂ. ತನ್ನ ತಂಗಿಯನ್ನೇ ಸುಮ್ಮನೆ ಬಿಟ್ಟರೆ ಉಳಿದವರು ಏನು ಅಂದಾರು ಎಂದು ಅವಳಿಗೆ ಅನಿಸಿರಬೇಕು. ಸುತ್ತಲಿನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

“ಕೈ ಚಾಚು.”

ದನಿ ಏರಲಿಲ್ಲ. ನಾನು ಯೋಚಿಸಲೂ ಇಲ್ಲ. ಎರಡೂ ಅಂಗೈಗಳನ್ನು ಅಂಗಾತ ಹಿಡಿದು, ಕಣ್ಣು ಮುಚ್ಚಿ, ಮುಖ ತಿರುಗಿಸಿದೆ. ಗಿಡಗಳನ್ನು ಸರಿಸಿಕೊಂಡು ಯಾರೋ ಬರುವ ಸಪ್ಪಳ ಕೇಳಿಸಿತು. ನನ್ನ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು, ಒರಟಾದದ್ದು, ಬೆಚ್ಚಗಿನದು. ಕೋಲು ಆಗಲೇ ಇಳಿಯುತ್ತಿತ್ತು. ತಡೆಯಲು ಅಕ್ಕನಿಗೆ ಆಗಲಿಲ್ಲವೋ, ತಡೆಯುವ ಮನಸ್ಸೇ ಇರಲಿಲ್ಲವೋ, ಅವಳನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅವ್ವನ ಬೆರಳುಗಳ ಮೇಲೆ ಬಿದ್ದ ಏಟು ನನ್ನ ಅಂಗೈಗೆ ಇಳಿಯಿತು. ಅವ್ವ ಕೈ ಹಿಂದೆ ತೆಗೆಯಲಿಲ್ಲ. ಹಲ್ಲು ಹೋದ ಬಾಯಿಯಿಂದ, ಸಿಟ್ಟಿಲ್ಲದೆ, ಇನ್ನೊಂದು ಮೊಗ್ಗು ತೋರಿಸುವಾಗಿನ ಅದೇ ದನಿಯಲ್ಲಿ ಅಕ್ಕನಿಗೆ ಹೇಳಿದಳು.

“ಈಗ ಪಾಸಾದಿ ನೋಡವಾ. ಹೋಗು, ನಿಮ್ಮಪ್ಪಗ ಹೇಳಿ ಬಾ.”

ಅಕ್ಕ ತನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು. ಅದನ್ನು ಹಿಡಿದಿದ್ದ ಏಣಿನ ಉಗುರನ್ನು ನೋಡಿದಳು. ನಲವತ್ತು ಹೆಂಗಸರ ಎದುರಿಗೆ ಸಾಲಿನ ನಡುವೆ ಕುಸಿದು ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವನ ಬೆರಳುಗಳು ಆಗಲೇ ಊದತೊಡಗಿದ್ದವು, ಅವತ್ತು ಅವಳಿಗೆ ಒಂದು ಮೊಗ್ಗನ್ನೂ ಬಿಡಿಸಲಾಗಲಿಲ್ಲ. ಹೊತ್ತು ಮುಳುಗುವ ತನಕ ಅಕ್ಕ ಅವ್ವನ ಸಾಲಿನಲ್ಲಿ ಮಂಡಿಯೂರಿಕೊಂಡು, ಒಂದೊಂದೇ ಮೊಗ್ಗಿಗೆ ಕಿವಿಗೊಟ್ಟು ಬಿಡಿಸುತ್ತಾ ಹೋದಳು. ನಾನು ಅವಳ ಹಿಂದೆ ಹಿಂದೆ ಕೆಂಪು ಟೊಪ್ಪಿಗೆ ಹಾಕುತ್ತಾ ಹೋದೆ.